ಎಲ್‌ಟಿಒ ಟೇಪಿನಿಂದ ಧ್ವನಿಮುದ್ರಣ ಸರಿಯಾಗಿ ವಾಪಸ್ ಬರದಿದ್ದರೆ

ಕಳೆದ ಮಳೆಗಾಲದಲ್ಲಿ ಗೆಳೆಯರೊಬ್ಬರು ಫೋನ್ ಮಾಡಿದರು. "ಮಾರಾಯ್ರೆ, ಟೇಪು ಹಾಳಾಗಿದೆ. ಆರು ಗಂಟೆಯ ತಾಳಮದ್ದಳೆ ಇಳಿಸಿದೆ. ಬಂದದ್ದು ಒಂದು ಗಂಟೆ ಐವತ್ತೊಂದು ನಿಮಿಷ ಮಾತ್ರ. ಉಳಿದದ್ದು ಇಲ್ಲವೇ ಇಲ್ಲ." ಅವರ ದನಿಯಲ್ಲಿ ಗಾಬರಿ ಇತ್ತು. ಆ ಕೂಟದ ಇಬ್ಬರು ಅರ್ಥಧಾರಿಗಳು ಈಗ ಇಲ್ಲ. ಮತ್ತೊಮ್ಮೆ ರೆಕಾರ್ಡ್ ಮಾಡುವ ಮಾತೇ ಬರುವುದಿಲ್ಲ.

"ಟೇಪು ಈಗ ಎಲ್ಲಿದೆ?" ಎಂದು ಕೇಳಿದೆ.

"ಡ್ರೈವಿನಲ್ಲೇ ಇದೆ. ಫಾರ್ಮ್ಯಾಟ್ ಮಾಡಿ ಒಮ್ಮೆ ನೋಡಲಾ?"

"ಬೇಡ, ಬೇಡ. ಮೊದಲು ಅದನ್ನು ಹೊರಗೆ ತೆಗೀರಿ."

ಆ ಟೇಪಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಬೇರೆ ಕಡೆ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಫಾರ್ಮ್ಯಾಟ್ ಮಾಡಿದ್ದರೆ ಮಾತ್ರ ಆ ಕೂಟ ನಿಜವಾಗಿಯೂ ಹೋಗುತ್ತಿತ್ತು. ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ನಷ್ಟ ಆಗಿರುವುದು ಹೀಗೆಯೇ. ಟೇಪು ಕೆಟ್ಟು ಅಲ್ಲ, ಟೇಪು ಕೆಟ್ಟಿದೆ ಎಂದುಕೊಂಡು ಅವಸರದಲ್ಲಿ ಏನೋ ಮಾಡಿ.

ಮನೆಯಲ್ಲೋ ಚಿಕ್ಕ ಸಂಸ್ಥೆಯಲ್ಲೋ ವೇವ್ ಫೈಲುಗಳನ್ನು (ಕುಗ್ಗಿಸದ ಧ್ವನಿಯ ಫೈಲು) ಎಲ್‌ಟಿಒ ಟೇಪಿಗೆ, ಅಂದರೆ ಕಂಪ್ಯೂಟರಿನ ಮಾಹಿತಿ ಕಾಪಿಡುವ ಟೇಪಿಗೆ, ಬರೆದಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಇರುವುದು ಎಲ್‌ಟಿಒ-6, ಅಂದರೆ ಆರನೇ ತಲೆಮಾರಿನ ಡ್ರೈವ್. ಹೆಚ್ಚಿನ ಟೇಪುಗಳು ಎಲ್‌ಟಿಎಫ್‌ಎಸ್‌ನಲ್ಲಿ (ಟೇಪನ್ನು ಡಿಸ್ಕಿನ ಹಾಗೆ ಫೋಲ್ಡರು, ಫೈಲುಗಳಾಗಿ ತೋರಿಸುವ ಏರ್ಪಾಡು) ಇವೆ, ಹಳೆಯವು ಲಿನಕ್ಸಿನ ಟಾರ್‌ನಲ್ಲಿ (ಫೈಲುಗಳನ್ನು ಒಂದೇ ಕಟ್ಟಾಗಿ ಬರೆಯುವ ಪ್ರೋಗ್ರಾಮ್).

ಮೊದಲು ಮಾಡಬೇಕಾದ್ದು

ಟೇಪನ್ನು ಹೊರಗೆ ತೆಗೆಯಿರಿ. ಕಾರ್ಟ್ರಿಜ್‌ನ ಮೂಲೆಯಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದನ್ನು ಬೀಗದ ಚಿತ್ರ ಇರುವ ಕಡೆಗೆ ಸರಿಸಿ. ಇನ್ನು ಈ ಟೇಪಿನ ಮೇಲೆ ಯಾರೂ ಏನೂ ಬರೆಯಲಾರರು. ಎರಡು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಮುಂದೆ ಓದಬೇಡಿ.

ಆಮೇಲೆ ಒಂದು ಕಾಗದ ತೆಗೆದುಕೊಂಡು ಧ್ವನಿ ಬಂದ ದಾರಿ ಬರೆಯಿರಿ. ರೆಕಾರ್ಡರಿನ ಕಾರ್ಡ್, ಅಲ್ಲಿಂದ ಕಂಪ್ಯೂಟರಿನ ಡಿಸ್ಕ್, ಅಲ್ಲಿಂದ ಟೇಪು, ಟೇಪಿನಿಂದ ಮತ್ತೆ ಡಿಸ್ಕ್, ಕೊನೆಗೆ ನೀವು ಕೇಳಲು ಬಳಸುವ ಸಾಫ್ಟ್‌ವೇರ್. ಐದು ಮನೆ. ತಪ್ಪು ಯಾವ ಮನೆಯಲ್ಲಿ ಹುಟ್ಟಿತು ಎಂಬುದೇ ಪ್ರಶ್ನೆ.

ಇದಕ್ಕೆ ಇರುವ ದೊಡ್ಡ ಸಾಧನ ಚೆಕ್‌ಸಮ್. ಫೈಲಿನ ಎಲ್ಲ ಬೈಟುಗಳನ್ನು ಲೆಕ್ಕ ಹಾಕಿ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಎಂಡಿ5 ಆಗಬಹುದು, ಶಾ-256 ಆಗಬಹುದು. ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಕಾರ್ಡಿನಿಂದ ಡಿಸ್ಕಿಗೆ ಬಂದ ದಿನವೇ ಚೆಕ್‌ಸಮ್ ಪಟ್ಟಿ ಮಾಡಿಟ್ಟಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಇಳಿಸಿದ ಫೈಲಿನ ಸಂಖ್ಯೆ ಪಟ್ಟಿಗೆ ಹೊಂದಿತೆಂದರೆ ಟೇಪು ತನ್ನ ಕೆಲಸ ಸರಿಯಾಗಿ ಮಾಡಿದೆ. ದೋಷವನ್ನು ಬೇರೆ ಕಡೆ ಹುಡುಕಿ.

ಕ್ಯಾಸೆಟ್ಟು, ಸ್ಪೂಲ್ ಟೇಪು ಬಳಸಿ ಬಂದವರಿಗೆ ಇಲ್ಲಿ ಒಂದು ಅಭ್ಯಾಸ ಅಡ್ಡ ಬರುತ್ತದೆ. ಅಲ್ಲಿ ಟೇಪು ಹಳತಾದರೆ ಹಿಸ್ ಜಾಸ್ತಿಯಾಗುತ್ತದೆ, ದನಿ ಮಂಕಾಗುತ್ತದೆ, ನಡುನಡುವೆ ತೇಲಿ ಹೋಗುತ್ತದೆ. ಎಲ್‌ಟಿಒದಲ್ಲಿ ಹಾಗೆ ಆಗುವುದಿಲ್ಲ. ಬರೆಯುವ ಹೆಡ್ಡಿನ ಹಿಂದೆಯೇ ಓದುವ ಹೆಡ್ ಇರುತ್ತದೆ. ಬರೆದದ್ದನ್ನು ಆಗಲೇ ಓದಿ ನೋಡುತ್ತದೆ, ಸರಿ ಇಲ್ಲದಿದ್ದರೆ ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿಯೂ ಜೊತೆಗೆ ಇರುತ್ತದೆ. ಹಾಗಾಗಿ ಟೇಪಿನಿಂದ ಫೈಲು ಪೂರ್ತಿ ಸರಿಯಾಗಿ ಬರುತ್ತದೆ, ಇಲ್ಲವೇ ಡ್ರೈವ್ "ಓದಲಾಗಲಿಲ್ಲ" ಎಂದು ನಿಲ್ಲುತ್ತದೆ. ಇಳಿಸಿದ ಹಾಡಿನಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಅದು ಟೇಪಿಗೆ ಹೋಗುವ ಮೊದಲೇ ಇತ್ತೆಂದು ಧೈರ್ಯವಾಗಿ ಅನುಮಾನಿಸಬಹುದು.

ಡ್ರೈವ್ ಟೇಪನ್ನು ಒಪ್ಪುತ್ತಿಲ್ಲ

ಹಾಕಿದ ಟೇಪು ಹಾಗೆಯೇ ಹೊರಗೆ ಬರುತ್ತಿದೆಯಾ? ಮೊದಲು ತಲೆಮಾರು ನೋಡಿ. ಎಲ್‌ಟಿಒ-7ರವರೆಗಿನ ಡ್ರೈವುಗಳು ತಮ್ಮದಕ್ಕಿಂತ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತವೆ, ಒಂದು ತಲೆಮಾರು ಹಿಂದಿನದರ ಮೇಲೆ ಬರೆಯುತ್ತವೆ. ಎಲ್‌ಟಿಒ-8ರಿಂದ ಈ ನಿಯಮ ಬದಲಾಯಿತು. ಎಲ್‌ಟಿಒ-8 ಡ್ರೈವ್ 7 ಮತ್ತು 8ನ್ನು ಮಾತ್ರ ಓದುತ್ತದೆ. ಎಲ್‌ಟಿಒ-9 ಡ್ರೈವ್ 8 ಮತ್ತು 9ನ್ನು ಮಾತ್ರ. ಹೊಸ ಡ್ರೈವ್ ಕೊಂಡು, ಹಳೆಯ ಎಲ್‌ಟಿಒ-6 ಟೇಪು ಹಾಕಿ, "ಟೇಪು ಸತ್ತಿದೆ" ಎಂದವರನ್ನು ನೋಡಿದ್ದೇನೆ. ಟೇಪು ಚೆನ್ನಾಗಿಯೇ ಇತ್ತು. ಅದನ್ನು ಓದಬಲ್ಲ ಡ್ರೈವನ್ನು ಅವರು ಮಾರಿಬಿಟ್ಟಿದ್ದರು.

ಎಲ್‌ಟಿಒ-9ರ ಹೊಸ ಟೇಪು ಹಾಕಿದವರಿಗೆ ಇನ್ನೊಂದು ಮಾತು. ಮೊದಲ ಸಲ ಹಾಕಿದಾಗ ಡ್ರೈವ್ ಆ ಟೇಪನ್ನು ಅಳೆದು ತನಗೆ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಕೆಲವೊಮ್ಮೆ ಎರಡು ಗಂಟೆ ಹಿಡಿಯುತ್ತದೆ. ಸಿಕ್ಕಿಕೊಂಡಿದೆ ಎಂದು ಪವರ್ ತೆಗೆಯಬೇಡಿ.

ಟೇಪು ಕೈಜಾರಿ ಬಿದ್ದಿತ್ತಾ? ಹಾಗಿದ್ದರೆ ಕಾರ್ಟ್ರಿಜ್‌ನ ಪಕ್ಕದ ಚಿಕ್ಕ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಒಳಗೆ ನೋಡಿ. ಒಂದು ಉಕ್ಕಿನ ಪಿನ್ನು ನೆಟ್ಟಗೆ ನಿಂತಿರಬೇಕು. ಡ್ರೈವ್ ಹಿಡಿದು ಎಳೆಯುವುದು ಅದನ್ನೇ. ಅದು ವಾಲಿದ್ದರೆ ಅಥವಾ ಒಳಗೆ ಬಿದ್ದಿದ್ದರೆ ಡ್ರೈವಿಗೆ ಹಾಕಲೇಬೇಡಿ, ಡ್ರೈವೂ ಕೆಡುತ್ತದೆ. ಪಿನ್ನನ್ನು ವಾಪಸ್ ಕೂರಿಸುವ ಕೆಲಸ ತಿಳಿದವರಿಗೆ ಬಿಡಿ.

ಕರಾವಳಿಯವರಿಗೆ ತೇವದ ಕಾಟ ಗೊತ್ತೇ ಇದೆ. ಡ್ರೈವ್ ಕೆಲಸ ಮಾಡುವಾಗ ಗಾಳಿಯ ತೇವ ಶೇಕಡಾ 80 ದಾಟಬಾರದು. ಜುಲೈ ತಿಂಗಳಲ್ಲಿ ನಮ್ಮ ಕಡೆ ಅದು ದಾಟುವುದು ಮಾಮೂಲು. ಎಸಿ ಕೋಣೆಯಿಂದ ಹೊರಗೆ ತಂದ ಟೇಪಿನ ಮೇಲೆ ಹಬೆ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ಕೂರುವ ಹಾಗೆ. ಒಂದು ಊರಿಂದ ಇನ್ನೊಂದು ಊರಿಗೆ ತಂದ ಟೇಪನ್ನು 24 ಗಂಟೆ ಡ್ರೈವ್ ಇರುವ ಕೋಣೆಯಲ್ಲೇ ಇಟ್ಟು ಆಮೇಲೆ ಹಾಕಿ. ವರ್ಷಗಟ್ಟಲೆ ಇಡುವುದಾದರೆ 16ರಿಂದ 25 ಡಿಗ್ರಿ ಬಿಸಿ, ಶೇಕಡಾ 20ರಿಂದ 50 ತೇವ ಒಳ್ಳೆಯದು. ನನ್ನ ಮನೆಯಲ್ಲಿ ದಿನವಿಡೀ ಎಸಿ ಇಲ್ಲ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪೊಟ್ಟಣವನ್ನು ಆಗಾಗ ಬದಲಿಸುತ್ತೇನೆ.

ಡ್ರೈವಿನ ಮೇಲಿನ ಗುರುತುಗಳನ್ನೂ ಓದಿ. ಐಬಿಎಂ ಡ್ರೈವುಗಳಲ್ಲಿ ಒಂದೇ ಅಕ್ಷರದ ಪುಟ್ಟ ಪರದೆ ಇರುತ್ತದೆ. ಅದರಲ್ಲಿ 'ಸಿ' ಬಂದರೆ ಹೆಡ್ ಸ್ವಚ್ಛ ಮಾಡಬೇಕು. 5 ಬಂದರೆ ಡ್ರೈವಿನದೇ ದೋಷ. 7 ಬಂದರೆ ಟೇಪಿನ ದೋಷ. ತಲೆನೋವು ಕೊಡುವುದು 6. ಅದರ ಅರ್ಥ "ಡ್ರೈವ್ ಇರಬಹುದು, ಟೇಪೂ ಇರಬಹುದು" ಎಂದು. ಆಗ ಬೆಲೆ ಇಲ್ಲದ ಖಾಲಿ ಟೇಪೊಂದನ್ನು ಹಾಕಿ ಬರೆದು ಓದಿ ನೋಡಿ. ಅದಕ್ಕೂ 6 ಬಂದರೆ ಡ್ರೈವ್ ಕೆಟ್ಟಿದೆ.

ಈ ಪರೀಕ್ಷೆಗೆ ನಿಮ್ಮ ಎರಡನೇ ಪ್ರತಿಯನ್ನು ಬಳಸಲೇಬೇಡಿ! ಕೆಟ್ಟ ಡ್ರೈವ್ ಟೇಪಿನ ಅಂಚನ್ನು ಹರಿಯಬಹುದು. ಒಂದು ಪ್ರತಿ ಓದಲಿಲ್ಲವೆಂದು ಎರಡನೆಯದನ್ನು, ಅದೂ ಓದಲಿಲ್ಲವೆಂದು ಮೂರನೆಯದನ್ನು ಅದೇ ಡ್ರೈವಿಗೆ ಕೊಟ್ಟರೆ ಮೂರೂ ಹೋಗಬಹುದು.

ಸ್ವಚ್ಛ ಮಾಡಲು ಎಲ್‌ಟಿಒ ಕ್ಲೀನಿಂಗ್ ಕಾರ್ಟ್ರಿಜ್ ಸಿಗುತ್ತದೆ, ಒಂದು ಸಾಮಾನ್ಯವಾಗಿ 50 ಸಲ ಬರುತ್ತದೆ. ಹಾಕಿದರೆ ಡ್ರೈವೇ ಗುರುತು ಹಿಡಿದು, ಒರೆಸಿಕೊಂಡು, ಹೊರಗೆ ತಳ್ಳುತ್ತದೆ. ಡ್ರೈವ್ ಕೇಳಿದಾಗ ಹಾಕಿ ಸಾಕು. ಸುಮ್ನೆ ವಾರಕ್ಕೊಮ್ಮೆ ಹಾಕಿದರೆ ಹೆಡ್ ಸವೆಯುತ್ತದೆ. ಕ್ಯಾಸೆಟ್ ಡೆಕ್ಕಿಗೆ ಮಾಡುತ್ತಿದ್ದ ಹಾಗೆ ಹತ್ತಿ, ಸ್ಪಿರಿಟ್ ತೆಗೆದುಕೊಂಡು ಹೋಗಬೇಡಿ. ಹಾಗೆಯೇ ಹಳೇ ಸ್ಟುಡಿಯೋಗಳಲ್ಲಿ ಸ್ಪೂಲ್ ಅಳಿಸಲು ಇಟ್ಟುಕೊಂಡಿದ್ದ ಬಲ್ಕ್ ಇರೇಸರ್ ಎಲ್‌ಟಿಒ ಹತ್ತಿರ ಬರಬಾರದು. ಎಲ್‌ಟಿಒ ಟೇಪಿನಲ್ಲಿ ಹೆಡ್ಡಿಗೆ ದಾರಿ ತೋರಿಸುವ ಸರ್ವೋ ಗೆರೆಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಅವೂ ಅಳಿಸಿಹೋದರೆ ಆ ಟೇಪಿನ ಮೇಲೆ ಮತ್ತೆಂದೂ ಬರೆಯಲಾಗದು.

ಬರೆಯುವಾಗ ತೀರಾ ನಿಧಾನ

ಇದು ಹೆಚ್ಚಿನವರ ದೂರು. ರಾತ್ರಿ ಹಾಕಿದ ಬ್ಯಾಕಪ್ ಮರುದಿನ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಡ್ರೈವಿನ ಹತ್ತಿರ ಕಿವಿ ಇಟ್ಟು ಕೇಳಿ. ಸದ್ದು ಒಂದೇ ಸಮನೆ ಹರಿಯುತ್ತಿದ್ದರೆ ಎಲ್ಲ ಸರಿ. ಓಡಿ, ನಿಂತು, ಹಿಂದೆ ಹೋಗಿ, ಮತ್ತೆ ಓಡುವ ಸದ್ದು ಬರುತ್ತಿದ್ದರೆ ಅದಕ್ಕೆ ಶೂ ಶೈನಿಂಗ್ ಎನ್ನುತ್ತಾರೆ. ಬೂಟು ಪಾಲಿಶ್ ಮಾಡುವವನ ಬಟ್ಟೆಯ ಹಾಗೆ ಟೇಪು ಹೆಡ್ಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತದೆ. ಸಮಯ ಹಾಳು, ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ.

ಕಾರಣ ಸುಲಭ. ಎಲ್‌ಟಿಒ-6 ಡ್ರೈವ್ ಸೆಕೆಂಡಿಗೆ 160 ಎಂಬಿ ನುಂಗಬಲ್ಲದು. ಕಡಿಮೆ ಸಿಕ್ಕರೆ ವೇಗ ಇಳಿಸಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ, ಸುಮಾರು 40-50 ಎಂಬಿ. ಅದಕ್ಕಿಂತ ಕಡಿಮೆ ಬಂದರೆ ನಿಲ್ಲಲೇಬೇಕು. ಹಳೆಯ ಯುಎಸ್‌ಬಿ 2 ಡಿಸ್ಕಿನಿಂದ ಬರುವುದು 30-40 ಎಂಬಿ ಮಾತ್ರ. ಹಾಗಾಗಿ ಬೈಗುಳ ತಿನ್ನುವುದು ಡ್ರೈವ್, ತಪ್ಪು ಡಿಸ್ಕಿನದು.

ಪರೀಕ್ಷೆ ಹೀಗೆ ಮಾಡಿ. ಅದೇ ಫೋಲ್ಡರನ್ನು ಟೇಪಿನ ಬದಲು ಒಂದು ಎಸ್‌ಎಸ್‌ಡಿಗೆ ಕಾಪಿ ಮಾಡಿ, ಎಷ್ಟು ಹೊತ್ತು ಬೇಕಾಯಿತು ನೋಡಿ. ಅಲ್ಲೂ ನಿಧಾನವಾದರೆ ಮೂಲ ಡಿಸ್ಕೇ ನಿಧಾನ. ಎಸ್‌ಎಸ್‌ಡಿಗೆ ಬೇಗ ಹೋಗಿ ಟೇಪಿಗೆ ಮಾತ್ರ ನಿಧಾನವಾದರೆ ಕೇಬಲ್, ಕಂಪ್ಯೂಟರಿಗೆ ಡ್ರೈವ್ ಜೋಡಿಸುವ ಕಾರ್ಡ್, ಆಮೇಲೆ ಡ್ರೈವ್ ನೋಡಿ. ನಾನು ಈಗ ಎಲ್ಲವನ್ನೂ ಮೊದಲು ಎಸ್‌ಎಸ್‌ಡಿಗೆ ತಂದು, ಅಲ್ಲೇ ಚೆಕ್‌ಸಮ್ ಹಾಕಿ, ಅಲ್ಲಿಂದ ಟೇಪಿಗೆ ಕಳಿಸುತ್ತೇನೆ. ಅಂದಿನಿಂದ ಆ ಹಿಂದೆ ಮುಂದೆ ಸದ್ದು ಕೇಳಿಲ್ಲ.

ಇನ್ನೊಂದು ಕಾರಣ ಚಿಲ್ಲರೆ ಫೈಲುಗಳು. ಎಡಿಟಿಂಗ್ ಸಾಫ್ಟ್‌ವೇರುಗಳು ಅಲೆಯ ಚಿತ್ರ ತೋರಿಸಲು ಸಾವಿರಾರು ಪುಟ್ಟ ಫೈಲು ಮಾಡಿಟ್ಟಿರುತ್ತವೆ. ಅವು ಬೇಕಾದಾಗ ಮತ್ತೆ ಹುಟ್ಟುತ್ತವೆ. ಟೇಪಿಗೆ ಅವು ಬೇಡ.

ಜಾಗದ ವಿಷಯ. ಎಲ್‌ಟಿಒ-6ರ ಡಬ್ಬಿಯ ಮೇಲೆ 6.25 ಟಿಬಿ ಎಂದು ಇರುತ್ತದೆ. ಅದು ಮಾಹಿತಿ ಎರಡೂವರೆ ಪಟ್ಟು ಕುಗ್ಗುತ್ತದೆ ಎಂದುಕೊಂಡು ಹಾಕಿದ ಲೆಕ್ಕ. ಧ್ವನಿ ಹಾಗೆ ಕುಗ್ಗುವುದಿಲ್ಲ, ಮೊದಲೇ ಕುಗ್ಗಿಸಿಟ್ಟ ಫ್ಲಾಕ್ ಫೈಲು ಅಂತೂ ಕುಗ್ಗುವುದೇ ಇಲ್ಲ. ನಿಜವಾದ ಜಾಗ 2.5 ಟಿಬಿ. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊ ಧ್ವನಿ ಗಂಟೆಗೆ 1.04 ಜಿಬಿ ಹಿಡಿಯುತ್ತದೆ. ಅಂದರೆ ಒಂದು ಟೇಪಿಗೆ ಸುಮಾರು 2,400 ಗಂಟೆ. ನಡುವೆ ಟೇಪು ತುಂಬಿತು ಎಂಬ ಸಂದೇಶ ಬಂದರೆ ಮೊದಲು ಈ ಲೆಕ್ಕ ಹಾಕಿ ನೋಡಿ.

ಎಲ್‌ಟಿಎಫ್‌ಎಸ್ ಟೇಪು ತೆರೆಯುತ್ತಿಲ್ಲ

ಹತ್ತರಲ್ಲಿ ಒಂಬತ್ತು ಸಲ ಇದು ಕರೆಂಟ್ ಹೋದ ಕಥೆ.

ಎಲ್‌ಟಿಎಫ್‌ಎಸ್ 2010ರಲ್ಲಿ ಎಲ್‌ಟಿಒ-5ರ ಜೊತೆ ಬಂತು. ಟೇಪನ್ನು ಎರಡು ಭಾಗ ಮಾಡುತ್ತದೆ. ಚಿಕ್ಕ ಭಾಗದಲ್ಲಿ ಸೂಚಿ, ದೊಡ್ಡ ಭಾಗದಲ್ಲಿ ಫೈಲುಗಳು. ಯಾವ ಫೈಲು ಎಲ್ಲಿ ಇದೆ ಎಂಬುದೆಲ್ಲ ಸೂಚಿಯಲ್ಲಿ ಇರುತ್ತದೆ. ನೀವು ಟೇಪನ್ನು ಕ್ರಮವಾಗಿ ಅನ್‌ಮೌಂಟ್ ಮಾಡಿದಾಗ (ಕಂಪ್ಯೂಟರಿಗೆ ಹೇಳಿ ಬಿಡಿಸಿಕೊಂಡಾಗ) ಹೊಸ ಸೂಚಿ ಚಿಕ್ಕ ಭಾಗಕ್ಕೆ ಬರೆಯಲ್ಪಡುತ್ತದೆ. ಅಷ್ಟರೊಳಗೆ ಕರೆಂಟ್ ಹೋದರೆ ಫೈಲುಗಳು ಟೇಪಿನಲ್ಲಿ ಇರುತ್ತವೆ, ಸೂಚಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಪುಸ್ತಕ ಇದೆ, ಪರಿವಿಡಿ ಹಳೆಯದು.

ಇಲ್ಲಿ ಕಂಪ್ಯೂಟರು "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ಎಲ್‌ಟಿಎಫ್‌ಎಸ್ ಜೊತೆಗೇ ಎಲ್‌ಟಿಎಫ್‌ಎಸ್‌ಸಿಕೆ ಎಂಬ ಸಾಧನ ಬರುತ್ತದೆ. ದೊಡ್ಡ ಭಾಗದ ಕೊನೆಯಲ್ಲಿ ಸಿಗುವ ಸೂಚಿಯನ್ನು ನೋಡಿ ಎರಡೂ ಭಾಗಗಳನ್ನು ಹೊಂದಿಸುವುದು ಅದರ ಕೆಲಸ. ಅದಕ್ಕೆ ಟೇಪಿನ ಮೇಲೆ ಬರೆಯಬೇಕಾಗುತ್ತದೆ, ಹಾಗಾಗಿ ಆ ಜಾರುಗುಂಡಿಯನ್ನು ಈಗ ತೆರೆಯಬೇಕು. ತೆರೆಯುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಡ್ರೈವ್ ಚೆನ್ನಾಗಿದೆ ಎಂದು ಬೇರೆ ಟೇಪಿನಿಂದ ತಿಳಿದಿರಬೇಕು. ಯುಪಿಎಸ್ ಚಾರ್ಜ್ ಆಗಿರಬೇಕು. ಸಾಮಾನ್ಯ ರೀತಿಯಲ್ಲಿ ಆಗದಿದ್ದರೆ ಅದರಲ್ಲೇ ಆಳವಾಗಿ ಹುಡುಕುವ ಆಯ್ಕೆ ಇದೆ. ಅದು ಕೊನೆಯ ದಾರಿ, ಗಂಟೆಗಟ್ಟಲೆ ನಡೆಯುತ್ತದೆ. ನಡುವೆ ನಿಲ್ಲಿಸಬಾರದು.

ಇದೇ ಸಾಧನ ಇನ್ನೊಂದು ಕಡೆ ನನ್ನನ್ನು ಕಾಪಾಡಿದೆ. ಒಮ್ಮೆ ತಪ್ಪಿ ಒಂದು ಇಡೀ ಫೋಲ್ಡರ್ ಅಳಿಸಿದ್ದೆ. ಹರಿಕಥೆಯ ಹದಿನಾಲ್ಕು ರೆಕಾರ್ಡಿಂಗ್. ಟೇಪಿನಲ್ಲಿ ಅಳಿಸಿದರೆ ಜಾಗ ವಾಪಸ್ ಬರುವುದಿಲ್ಲ, ಸೂಚಿಯಿಂದ ಹೆಸರು ಹೋಗುತ್ತದೆ ಅಷ್ಟೇ. ಹಳೆಯ ಸೂಚಿಗಳು ದೊಡ್ಡ ಭಾಗದಲ್ಲಿ ಹಾಗೆಯೇ ಉಳಿದಿರುತ್ತವೆ. ಎಲ್‌ಟಿಎಫ್‌ಎಸ್‌ಸಿಕೆಗೆ ಹಳೆಯ ಸೂಚಿಗಳ ಪಟ್ಟಿ ಕೊಡು ಎಂದರೆ ಕೊಡುತ್ತದೆ. ಅಳಿಸುವ ಮೊದಲಿನ ಸೂಚಿಯ ಸಂಖ್ಯೆ ಕೊಟ್ಟು ಟೇಪನ್ನು ಓದಲು ಮಾತ್ರ ತೆರೆದೆ. ಹದಿನಾಲ್ಕೂ ಅಲ್ಲೇ ಇದ್ದವು.

ಟಾರ್‌ನಲ್ಲಿ ಬರೆದ ಹಳೆಯ ಟೇಪುಗಳು

ಲಿನಕ್ಸಿನಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು ಇರುತ್ತವೆ. ಎಸ್‌ಟಿ0 ಮತ್ತು ಎನ್‌ಎಸ್‌ಟಿ0. ಮೊದಲನೆಯದನ್ನು ಬಳಸಿದರೆ ಕೆಲಸ ಮುಗಿದ ಕೂಡಲೇ ಟೇಪು ಮೊದಲಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದು ನಿಂತಲ್ಲೇ ನಿಲ್ಲುತ್ತದೆ. ಸೋಮವಾರ ಎಸ್‌ಟಿ0 ಹೆಸರಿನಲ್ಲಿ ಒಂದು ಬ್ಯಾಕಪ್ ಬರೆದು, ಮಂಗಳವಾರ ಇನ್ನೊಂದು ಬರೆದರೆ ಎರಡನೆಯದು ಮೊದಲನೆಯದರ ಮೇಲೆಯೇ ಕೂರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಎರಡನೆಯದು ಚಿಕ್ಕದಾಗಿದ್ದರೂ ಅದರ ಕೊನೆಯಲ್ಲಿ "ಮಾಹಿತಿ ಮುಗಿಯಿತು" ಎಂಬ ಗುರುತು ಬೀಳುತ್ತದೆ. ಅದರಾಚೆ ಉಳಿದಿರುವುದನ್ನು ಸಾಮಾನ್ಯ ಡ್ರೈವ್ ಓದುವುದೇ ಇಲ್ಲ. ನಾನು ಶುರುವಿನ ದಿನಗಳಲ್ಲಿ ಮೂರು ಸಂಜೆಯ ಭಜನೆ ಹೀಗೆ ಕಳೆದುಕೊಂಡೆ. ಇದಕ್ಕೆ ಪರಿಹಾರ ಇಲ್ಲ, ತಡೆಯುವುದು ಮಾತ್ರ ಸಾಧ್ಯ.

ಓದುವಾಗ ಬರುವ ಇನ್ನೊಂದು ಸಂದೇಶ ದಾರಿ ತಪ್ಪಿಸುತ್ತದೆ. "ಮೆಮೊರಿ ಸಿಗಲಿಲ್ಲ" ಎಂಬ ಅರ್ಥದ ಸಾಲು ಬರುತ್ತದೆ. ಜನ ರ‍್ಯಾಮ್ ಕೊಳ್ಳಲು ಹೊರಡುತ್ತಾರೆ. ನಿಜವಾದ ಕಾರಣ ಬ್ಲಾಕಿನ ಅಳತೆ. ಟಾರ್ ಸುಮ್ನೆ ಬಿಟ್ಟರೆ 10 ಕೆಬಿ ಬ್ಲಾಕಿನಲ್ಲಿ ಓದುತ್ತದೆ. ಟೇಪನ್ನು 256 ಕೆಬಿ ಬ್ಲಾಕಿನಲ್ಲಿ ಬರೆದಿದ್ದರೆ ಅದು ಈ ಪಾತ್ರೆಯಲ್ಲಿ ಹಿಡಿಸುವುದಿಲ್ಲ. ಟಾರ್‌ಗೆ ಬ್ಲಾಕಿನ ಸಂಖ್ಯೆ 512 ಎಂದು ಕೊಡಿ. ಅದು 512 ಬೈಟಿನ ತುಂಡುಗಳ ಲೆಕ್ಕವಾದ್ದರಿಂದ ಸರಿಯಾಗಿ 256 ಕೆಬಿ ಆಗುತ್ತದೆ. ಎಷ್ಟರಲ್ಲಿ ಬರೆದಿದ್ದೀರಿ ಎಂದು ಟೇಪಿನ ಚೀಟಿಯ ಮೇಲೆ ಬರೆದಿಡಿ.

ಇಳಿಸುವಾಗ ಮಾತ್ರ ನಿಧಾನ

ಟೇಪು ಡಿಸ್ಕಿನ ಹಾಗೆ ಕಂಡರೂ ಡಿಸ್ಕ್ ಅಲ್ಲ. ಎಲ್‌ಟಿಒ-6ರಲ್ಲಿ 846 ಮೀಟರ್ ಉದ್ದದ ಟೇಪು ಸುತ್ತಿದೆ. ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗಲು ಒಂದು ನಿಮಿಷ ಬೇಕಾಗಬಹುದು. ಹೆಸರಿನ ಅಕ್ಷರ ಕ್ರಮದಲ್ಲಿ ಕಾಪಿ ಮಾಡಿದರೆ ಟೇಪು ಊರೆಲ್ಲ ಸುತ್ತುತ್ತದೆ. ಎಲ್‌ಟಿಎಫ್‌ಎಸ್ ಪ್ರತಿ ಫೈಲಿಗೂ ಅದು ಶುರುವಾಗುವ ಬ್ಲಾಕಿನ ಸಂಖ್ಯೆಯನ್ನು ಗುಣಲಕ್ಷಣವಾಗಿ ಇಟ್ಟಿರುತ್ತದೆ. ಆ ಸಂಖ್ಯೆಯ ಕ್ರಮದಲ್ಲಿ ಇಳಿಸಿ. ಟೇಪಿನಲ್ಲಿ ಇರುವಾಗಲೇ ಫೈಲನ್ನು ಎಡಿಟರಿನಲ್ಲಿ ತೆರೆಯಬೇಡಿ, ಪ್ರಿವ್ಯೂ ತೋರಿಸುವ ಕಿಟಕಿಯನ್ನೂ ಮುಚ್ಚಿಡಿ.

ಚೆಕ್‌ಸಮ್ ಹೊಂದುತ್ತಿಲ್ಲ

ಅದೇ ಫೈಲನ್ನು ಮತ್ತೊಮ್ಮೆ ಟೇಪಿನಿಂದ ಇಳಿಸಿ. ಎರಡೂ ಸಲ ಬಂದ ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. ಎರಡೂ ಒಂದೇ ಆಗಿದ್ದು, ಪಟ್ಟಿಗೆ ಮಾತ್ರ ಹೊಂದದಿದ್ದರೆ ಟೇಪಿಗೆ ಹೋದ ಫೈಲೇ ಬೇರೆ. ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಬಂದರೆ ಕಂಪ್ಯೂಟರಿನ ರ‍್ಯಾಮ್ ಅಥವಾ ಡಿಸ್ಕ್ ಕೆಟ್ಟಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಎಂಬ ಪ್ರೋಗ್ರಾಮನ್ನು ಒಂದು ರಾತ್ರಿ ಓಡಿಸಿ.

ಫೈಲೇ ಬೇರೆ ಆಗುವುದು ಹೇಗೆ? ಹೆಚ್ಚಾಗಿ ಯಾರೋ ಒಳ್ಳೆಯ ಮನಸ್ಸಿನಿಂದ ಹೆಸರು, ದಿನಾಂಕ, ಕಲಾವಿದರ ವಿವರ ತುಂಬಿರುತ್ತಾರೆ. ಬ್ರಾಡ್‌ಕಾಸ್ಟ್ ವೇವ್ ಫೈಲಿನಲ್ಲಿ ಆ ವಿವರ ಧ್ವನಿಯ ಜೊತೆಗೇ ಕೂರುತ್ತದೆ. ಧ್ವನಿ ಒಂದಿನಿತೂ ಬದಲಾಗಿಲ್ಲ, ಆದರೆ ಫೈಲಿನ ಸಂಖ್ಯೆ ಬದಲಾಯಿತು. ಬಿಡಬ್ಲ್ಯುಎಫ್ ಮೆಟಾಎಡಿಟ್ ಎಂಬ ಉಚಿತ ಸಾಫ್ಟ್‌ವೇರ್ ಧ್ವನಿಯ ಭಾಗಕ್ಕೆ ಮಾತ್ರ ಎಂಡಿ5 ಹಾಕುತ್ತದೆ. ಫ್ಲಾಕ್ ಅಂತೂ ಧ್ವನಿಯ ಎಂಡಿ5 ಅನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದರ ಟೆಸ್ಟ್ ಆಯ್ಕೆ ಓಡಿಸಿದರೆ ಸಾಕು.

ಈಗ ಕನ್ನಡದವರಿಗೆ ಮಾತ್ರ ಬರುವಂಥ ತೊಂದರೆಗೆ ಬರೋಣ. ಇದರ ಹಿಂದೆ ನಾನು ಎರಡು ದಿನ ಅಲೆದಿದ್ದೇನೆ. ಪಟ್ಟಿಯಲ್ಲಿ "ಜೋಡಾಟ" ಎಂಬ ಫೈಲಿದೆ. ಫೋಲ್ಡರಿನಲ್ಲೂ "ಜೋಡಾಟ" ಇದೆ. ಕಣ್ಣಿಗೆ ಕಾಣುತ್ತಿದೆ. ಆದರೆ ಪರೀಕ್ಷೆ ಮಾಡುವ ಪ್ರೋಗ್ರಾಮ್ "ಫೈಲು ಸಿಗಲಿಲ್ಲ" ಎನ್ನುತ್ತದೆ. "ಕಥನ" ಸಿಗುತ್ತದೆ, "ಮದ್ದಳೆ" ಸಿಗುತ್ತದೆ, "ಜೋಡಾಟ" ಮಾತ್ರ ಸಿಗುವುದಿಲ್ಲ. ಶಾಲೆಯಲ್ಲಿ ಕಲಿತ ಕಾಗುಣಿತ ನೆನಪಿಸಿಕೊಳ್ಳಿ. 'ಜೋ' ಎಂದರೆ ಓತ್ವದ ದೀರ್ಘ. ಯೂನಿಕೋಡಿನಲ್ಲಿ ಅದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಯಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ ಬೇರೆ ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿ ಇಡುತ್ತವೆ. ಎಲ್‌ಟಿಎಫ್‌ಎಸ್ ಕೂಡಿಸಿ ಇಡುತ್ತದೆ. ಮ್ಯಾಕ್‌ನಲ್ಲಿ ಮಾಡಿದ ಪಟ್ಟಿಯನ್ನು ಲಿನಕ್ಸಿನಲ್ಲಿ ಟೇಪಿನ ಎದುರು ಇಟ್ಟರೆ ಎರಡೂ ಹೊಂದುವುದಿಲ್ಲ. ಈ ದೀರ್ಘ ಇರುವ ಗುಡಿಸಿನ ದೀರ್ಘ, ಏತ್ವದ ದೀರ್ಘ, ಹಾಗೆಯೇ ಐತ್ವ, ಓತ್ವಗಳಿಗೂ ಇದೇ ಪಾಡು.

ಪರಿಹಾರ ಕಷ್ಟದ್ದಲ್ಲ. ಪಟ್ಟಿಯ ಹೆಸರುಗಳನ್ನು ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿ ರೂಪಕ್ಕೆ, ತಿರುಗಿಸಿ ಮತ್ತೆ ಪರೀಕ್ಷೆ ಮಾಡಿ. ಪೈಥಾನ್ ಬಲ್ಲವರಿಗೆ ನಾಲ್ಕು ಸಾಲಿನ ಕೆಲಸ. ಫೈಲುಗಳನ್ನು ಮುಟ್ಟಬೇಡಿ, ಪಟ್ಟಿಯ ಪ್ರತಿಯನ್ನು ಮಾತ್ರ ತಿದ್ದಿ. "ಮೈಕ್‌ಟೆಸ್ಟ್" ಥರದ ಹೆಸರುಗಳಲ್ಲಿ ಒತ್ತಕ್ಷರ ಬರದಂತೆ ತಡೆಯಲು ನಾವು ಹಾಕುವ ಕಾಣದ ಚಿಹ್ನೆಯನ್ನು ಮಾತ್ರ ಇದು ಸರಿ ಮಾಡುವುದಿಲ್ಲ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಕೈಯಿಂದಲೇ ಹುಡುಕಬೇಕು. ನನಗೆ ಫೈಲಿಗೆ ಕನ್ನಡ ಹೆಸರು ಇಡುವುದೇ ಇಷ್ಟ. ಆದರೂ ಟೇಪಿಗೆ ಹೋಗುವ ಫೈಲಿಗೆ ಈಗ ದಿನಾಂಕ ಮತ್ತು ಸಂಖ್ಯೆ ಮಾತ್ರ ಇಡುತ್ತೇನೆ. ಕನ್ನಡದ ಹೆಸರು, ಊರು, ಭಾಗವತರು, ಮದ್ದಳೆ, ಚೆಂಡೆ, ಎಲ್ಲ ವಿವರವೂ ಪಕ್ಕದಲ್ಲಿ ಒಂದು ಪಠ್ಯ ಫೈಲಿನಲ್ಲಿ ಇರುತ್ತದೆ.

ಚೆಕ್‌ಸಮ್ ಹೊಂದುತ್ತದೆ, ಧ್ವನಿ ಮಾತ್ರ ಇಲ್ಲ

ಈಗ ಆ ಗೆಳೆಯರ ತಾಳಮದ್ದಳೆ. ಅವರಿಗೆ ಹೇಳಿದೆ: "ಧ್ವನಿ ಎಷ್ಟು ನಿಮಿಷ ಅಂತ ಬಿಡಿ. ಫೈಲು ಎಷ್ಟು ದೊಡ್ಡದು ನೋಡಿ." 6.22 ಜಿಬಿ ಎಂದರು. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊ ಎಂದರೆ ಸೆಕೆಂಡಿಗೆ 2,88,000 ಬೈಟ್. ಭಾಗಿಸಿ ನೋಡಿದರೆ ಸರಿಯಾಗಿ ಆರು ಗಂಟೆ. ಧ್ವನಿ ಪೂರ್ತಿ ಇತ್ತು!

ವೇವ್ ಫೈಲಿನ ತಲೆಯಲ್ಲಿ ಒಳಗಿನ ಧ್ವನಿಯ ಅಳತೆ ಬರೆದಿರುತ್ತದೆ. ಅದಕ್ಕೆ ಕೊಟ್ಟಿರುವ ಜಾಗ 32 ಬಿಟ್. ಅದರಲ್ಲಿ 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಅಂದರೆ ಹೆಚ್ಚುಕಡಿಮೆ 4.29 ಜಿಬಿ. ಹಳೆಯ ಸ್ಕೂಟರಿನ ಮೀಟರು ಎಲ್ಲ 9 ಆದ ಮೇಲೆ ಮತ್ತೆ ಸೊನ್ನೆಗೆ ತಿರುಗುವ ಹಾಗೆ ಇದೂ ತಿರುಗುತ್ತದೆ. ಆರು ಗಂಟೆಯ 6.22 ಜಿಬಿಯಿಂದ 4.29 ಜಿಬಿ ಕಳೆದರೆ ಉಳಿಯುವುದು 1.93 ಜಿಬಿ. ಸಮಯದಲ್ಲಿ ಹೇಳಿದರೆ 1 ಗಂಟೆ 51 ನಿಮಿಷ. ಅವರು ಹೇಳಿದ ಅದೇ ಸಂಖ್ಯೆ. ರೆಕಾರ್ಡ್ ಮಾಡಿದ ರಾತ್ರಿಯೇ ಫೈಲು ಹೀಗಿತ್ತು. ಆಗ ಮೊದಲ ಹತ್ತು ನಿಮಿಷ ಕೇಳಿ, ಚೆನ್ನಾಗಿದೆ ಎಂದು ಟೇಪಿಗೆ ಕಳಿಸಿದ್ದರು. 96 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಈ ಗೋಡೆ ಇನ್ನೂ ಹತ್ತಿರ, 2 ಗಂಟೆ 4 ನಿಮಿಷಕ್ಕೇ ಸಿಗುತ್ತದೆ.

ಸಾಕ್ಸ್, ಎಫ್‌ಎಫ್‌ಎಂಪೆಗ್ ಎಂಬ ಧ್ವನಿ ಪರಿವರ್ತಿಸುವ ಪ್ರೋಗ್ರಾಮ್‌ಗಳು ಎರಡರಲ್ಲೂ "ತಲೆಯಲ್ಲಿ ಬರೆದ ಉದ್ದವನ್ನು ನಂಬಬೇಡ" ಎಂದು ಹೇಳುವ ಆಯ್ಕೆ ಇದೆ. ಹಾಗೆ ಹೇಳಿ ಆರ್‌ಎಫ್64 (ದೊಡ್ಡ ಫೈಲುಗಳಿಗಾಗಿ ಇರುವ ವೇವ್ ರೂಪ) ಅಥವಾ ಫ್ಲಾಕ್ ಆಗಿ ಹೊಸ ಫೈಲು ಮಾಡಿ. ಇವೆರಡಕ್ಕೂ 4 ಜಿಬಿ ಗೋಡೆ ಇಲ್ಲ. ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ.

ರೆಕಾರ್ಡರಿನ ಬ್ಯಾಟರಿ ನಡುವೆ ಸತ್ತಿದ್ದರೆ ತಲೆಯಲ್ಲಿ ಉದ್ದ ಸೊನ್ನೆ ಎಂದೇ ಉಳಿದಿರುತ್ತದೆ. ಆಗಲೂ ಇದೇ ದಾರಿ. ಅದೂ ಆಗದಿದ್ದರೆ ಆಡಾಸಿಟಿ ಎಂಬ ಧ್ವನಿ ಎಡಿಟರಿನಲ್ಲಿ ಕಚ್ಚಾ ಮಾಹಿತಿಯಾಗಿ ಫೈಲನ್ನು ತರಬಹುದು. 24 ಬಿಟ್, ಲಿಟಲ್ ಎಂಡಿಯನ್, ಎರಡು ಚಾನೆಲ್, 48000 ಎಂದು ಕೊಡಿ. ಸರಳ ವೇವ್ ಆದರೆ ಬಿಡಬೇಕಾದ ತಲೆ 44 ಬೈಟ್, ಬ್ರಾಡ್‌ಕಾಸ್ಟ್ ವೇವ್ ಆದರೆ ಜಾಸ್ತಿ. ಸಂಖ್ಯೆ ತಪ್ಪಿದರೆ ಕಿವಿ ಒಡೆಯುವಂಥ ಗರ್ಜನೆ ಬರುತ್ತದೆ, ಆದ್ದರಿಂದ ಹೆಡ್‌ಫೋನ್ ತೆಗೆದಿಟ್ಟು ವಾಲ್ಯೂಮ್ ಇಳಿಸಿಕೊಂಡು ಕೇಳಿ. ಒಂದೊಂದೇ ಬೈಟ್ ಹೆಚ್ಚಿಸುತ್ತ ಹೋದರೆ ಆರು ಪ್ರಯತ್ನದೊಳಗೆ ಧ್ವನಿ ಸಿಕ್ಕೇ ಸಿಗುತ್ತದೆ. ಎಡ ಬಲ ಸೇರಿ ಒಂದು ಮಾದರಿಗೆ ಆರೇ ಬೈಟು ಅಲ್ವಾ, ಅದಕ್ಕೆ.

ನಿಜವಾಗಿಯೂ ಟೇಪೇ ಕೆಟ್ಟಿದ್ದರೆ

ಕೆಲವೊಮ್ಮೆ ಹಾಗೂ ಆಗುತ್ತದೆ. ಬೇರೆ ಟೇಪುಗಳು ಚೆನ್ನಾಗಿ ಓಡುತ್ತವೆ, ಹೆಡ್ ಸ್ವಚ್ಛ ಇದೆ, ಈ ಒಂದು ಟೇಪು ಮಾತ್ರ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತದೆ. ಅಲ್ಲೇ ಇಪ್ಪತ್ತು ಸಲ ಪ್ರಯತ್ನಿಸಬೇಡಿ. ಪ್ರತಿ ಪ್ರಯತ್ನದಲ್ಲೂ ಡ್ರೈವ್ ಆ ಗಾಯದ ಮೇಲೆಯೇ ಹೆಡ್ ಉಜ್ಜುತ್ತದೆ. ಎಲ್‌ಟಿಎಫ್‌ಎಸ್ ಆಗಿದ್ದರೆ ಆ ಫೈಲನ್ನು ಬಿಟ್ಟು ಉಳಿದೆಲ್ಲವನ್ನೂ ಮೊದಲು ಇಳಿಸಿಕೊಳ್ಳಿ. ಒಂದು ಫೈಲಿನ ಗಾಯ ಇನ್ನೊಂದಕ್ಕೆ ತಗಲುವುದಿಲ್ಲ. ಆಮೇಲೆ ಅದೇ ತಲೆಮಾರಿನ ಬೇರೊಂದು ಡ್ರೈವಿನಲ್ಲಿ ಆ ಫೈಲನ್ನು ಒಮ್ಮೆ ಪ್ರಯತ್ನಿಸಿ. ಒಂದು ಡ್ರೈವ್ ಕೈಬಿಟ್ಟ ಜಾಗವನ್ನು ಇನ್ನೊಂದು ಓದಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ಅದೂ ಆಗದಿದ್ದರೆ ಎರಡನೇ ಪ್ರತಿ ತರಿಸಿ. ನನ್ನ ಎರಡನೇ ಪ್ರತಿಗಳು ಘಟ್ಟದ ಮೇಲೆ ತಂಗಿಯ ಮನೆಯಲ್ಲಿ ಇವೆ, ನೆಲದಿಂದ ಎತ್ತರದ ಕಪಾಟಿನಲ್ಲಿ, ನಿಲ್ಲಿಸಿ ಇಟ್ಟಿವೆ. ಬಂದ ಟೇಪನ್ನು ಒಂದು ದಿನ ಕೋಣೆಯಲ್ಲಿ ಇಡಿ. ಜಾರುಗುಂಡಿ ಬೀಗದ ಕಡೆ ಇದೆಯೇ ನೋಡಿ. ಆಮೇಲೆ ಹಾಕಿ. ಬೇಕಾದ ಫೈಲು ಇಳಿದು ಚೆಕ್‌ಸಮ್ ಹೊಂದಿದ ಮೇಲೆ ಹೊಸ ಟೇಪಿಗೆ ಎಲ್ಲವನ್ನೂ ಬರೆದು, ಕೆಟ್ಟ ಟೇಪಿನ ಮೇಲೆ ದಿನಾಂಕ ಮತ್ತು ನಿಂತ ಫೈಲಿನ ಹೆಸರು ಬರೆದ ಚೀಟಿ ಅಂಟಿಸಿ ಬೇರೆ ಡಬ್ಬಿಯಲ್ಲಿ ಇಡಿ.